ಕರಿ ಶುಕ್ರವಾರದ ಹೂರಣ

ಹಬ್ಬವನ್ನು ಬಿಟ್ಟು ಅದರ ಮಾರನೆಯ ದಿನವನ್ನು ಮಾತ್ರ ತರಿಸಿಕೊಂಡ ದೇಶದಲ್ಲಿ ನಾನಿದ್ದೇನೆ. ಅಮೆರಿಕದವರು ನವೆಂಬರಿನ ಒಂದು ಗುರುವಾರ ದೇವರಿಗೆ ಕೃತಜ್ಞತೆ ಹೇಳಿ, ಹೊಟ್ಟೆ ತುಂಬ ಉಂಡು, ಶುಕ್ರವಾರ ಅಂಗಡಿಗಳಿಗೆ ನುಗ್ಗುತ್ತಾರೆ. ಆ ನೂಕುನುಗ್ಗಲಿಗೆ ರೋಸಿಹೋದ ಅಲ್ಲಿನ ಪೊಲೀಸರೇ ಅದಕ್ಕೆ ಬ್ಲ್ಯಾಕ್ ಫ್ರೈಡೇ ಎಂದು ಹೆಸರಿಟ್ಟರಂತೆ. ನಮ್ಮ ಲಂಡನ್ನಿಗೆ ಊಟವೂ ಬರಲಿಲ್ಲ, ಕೃತಜ್ಞತೆಯೂ ಬರಲಿಲ್ಲ, ನುಗ್ಗುವುದೊಂದು ಬಂತು.

ಧಾರವಾಡದವಳಾದ ನನ್ನ ಹೆಂಡತಿ ಸುಮತಿಯ ಶುಕ್ರವಾರವೇ ಬೇರೆ. "ಶುಕ್ರವಾರ ಮನ್ಯಾಗಿಂದ ಏನೂ ಹೊರಗ ಹೋಗಬಾರದರೀ, ಲಕ್ಷ್ಮೀನೂ ಸಂಗಡ ಹೋಗ್ತಾಳ" ಎನ್ನುತ್ತಿದ್ದಳು. ಕ್ವೀನ್ಸ್‌ಬರಿಯ ನಮ್ಮ ಬೀದಿಗೆ ಕೌನ್ಸಿಲ್ಲಿನ ಕಸದ ಲಾರಿ ಬರುವುದು ಶುಕ್ರವಾರವೇ. ಅದಕ್ಕೆ ಗುರುವಾರ ಮಧ್ಯಾಹ್ನವೇ ಬಿನ್ನನ್ನು ಗೇಟಿನಾಚೆ ನಿಲ್ಲಿಸಿ, ಕಸ ಗುರುವಾರವೇ ಹೋಯಿತೆಂದು ಲೆಕ್ಕ ಹಿಡಿಯುತ್ತಿದ್ದಳು. ಮೈಸೂರಿನವನಾದ ನಾನು ನಗುತ್ತಿದ್ದೆ. ಈ ಸಲ ಯುಗಾದಿ ಕಳೆದು ಎರಡು ವಾರಕ್ಕೆ ಅವಳು ತೀರಿಹೋದಳು. ಈಗ ನಾನೂ ಗುರುವಾರವೇ ಬಿನ್ ಹೊರಗಿಡುತ್ತೇನೆ.

ನವೆಂಬರಿನಲ್ಲಿ ನಮ್ಮ ಹಳೆಯ ಫ್ರಿಜ್ ಗೊರಗೊರ ಎನ್ನತೊಡಗಿತು. ಮಗಳು ಬ್ಲ್ಯಾಕ್ ಫ್ರೈಡೇ ರಿಯಾಯಿತಿಯಲ್ಲಿ ಹೊಸದನ್ನು ಆರ್ಡರ್ ಮಾಡಿದಳು. ಶುಕ್ರವಾರ ಹೊಸದನ್ನು ತಂದವರೇ ಹಳೆಯದನ್ನು ಒಯ್ಯುತ್ತಾರಂತೆ. ಶುಕ್ರವಾರ! ನಾನು ಗುರುವಾರವೇ ಪಕ್ಕದ ಮನೆಯವರ ಸಹಾಯದಿಂದ ಫ್ರಿಜ್ಜನ್ನು ಅಂಗಳಕ್ಕೆ ದಬ್ಬಿದೆ. ಬಟಾಣಿ, ಕಾಯಿತುರಿ ಎಲ್ಲ ಅವರ ಫ್ರೀಜರಿಗೆ ಹೋಯಿತು. ಒಂದು ಡಬ್ಬಿಯನ್ನು ಮಾತ್ರ ಕೊಡಲು ಮನಸ್ಸಾಗಲಿಲ್ಲ. ಅದರಲ್ಲಿದ್ದದ್ದು ಸುಮತಿ ಹೋಳಿಗೆಗೆಂದು ಮಾಡಿ ಉಳಿಸಿದ್ದ ಹೂರಣ. ಮುಚ್ಚಳದ ಮೇಲೆ ಅವಳದೇ ಅಕ್ಷರದಲ್ಲಿ ಯುಗಾದಿ ಎಂದು ಬರೆದಿತ್ತು. ಏಳು ತಿಂಗಳು ಅದನ್ನು ತಿನ್ನದೆ ಕಾಪಾಡಿದ್ದೆ. ಲಂಡನ್ನಿನ ಚಳಿಯೇ ದೊಡ್ಡ ಫ್ರಿಜ್ಜಲ್ಲವೇ ಎಂದು ಕಿಟಕಿಯಾಚೆ ಇಟ್ಟೆ.

ಶುಕ್ರವಾರ ಬಂದದ್ದು ಫ್ರಿಜ್ಜಲ್ಲ, ಸಂದೇಶ. ಬೇಡಿಕೆ ವಿಪರೀತವಾದ್ದರಿಂದ ಮಂಗಳವಾರ ಬರುತ್ತಾರಂತೆ. ಅಷ್ಟರಲ್ಲಿ ಕಿಟಕಿಗೆ ಬಿಸಿಲು ಬಿದ್ದಿತ್ತು. ವರ್ಷವೆಲ್ಲ ಕಾದರೂ ಕಾಣದ ಬಿಸಿಲು! ಹೂರಣ ಕರಗಿ ಮೆತ್ತಗಾಗಿತ್ತು. ಮತ್ತೆ ಹೆಪ್ಪುಗಟ್ಟಿಸುವಂತಿಲ್ಲ, ಬಿಸಾಡೋಣವೆಂದರೆ ಶುಕ್ರವಾರ. ಮಗಳಿಗೆ ಫೋನ್ ಮಾಡಿದೆ. ಅವಳು "ಜಸ್ಟ್ ಈಟ್ ಇಟ್, ಅಪ್ಪಾ. ಅಮ್ಮ ಮೇಡ್ ಇಟ್ ಫಾರ್ ಯೂ" ಎಂದಳು.

ಚಮಚ ತಂದು ಕುಳಿತೆ. ಏಲಕ್ಕಿಯ ಘಮ ಹಾಗೇ ಇತ್ತು. ಅಳುತ್ತಲೇ ತಿಂದೆ, ತಳ ಕೆರೆದು ತಿಂದೆ. ಮೂವತ್ತು ವರ್ಷ ಸಕ್ಕರೆ ಕಾಯಿಲೆಯವರಿಗೆ ಸಿಹಿ ಮುಟ್ಟಬೇಡಿ ಎಂದು ಗದರಿದ ಡಾಕ್ಟರು ನಾನು. ಮರುದಿನ ನನ್ನ ಸಕ್ಕರೆ ನೋಡಿಕೊಳ್ಳಲು ಧೈರ್ಯ ಬರಲಿಲ್ಲ.

ಡಬ್ಬಿಯನ್ನು ತೊಳೆದಿಟ್ಟಿದ್ದೇನೆ. ಅದರ ಮುಚ್ಚಳ ಬಿರುಕುಬಿಟ್ಟಿದೆ, ಬಿಸಾಡಬೇಕು. ಏನು ಮಾಡಲಿ, ನನಗದು ನೆನಪಾಗುವುದು ಪ್ರತಿ ಸಲವೂ ಶುಕ್ರವಾರವೇ.