ಕಾಯಿ ಅಟ್ಟದ ಕ್ವಾರಂಟೈನು

ನಮ್ಮ ಮನೆಯಲ್ಲಿ ಬಾಯಿ ತೆರೆಯದೆ ಮಾಡಬಹುದಾದ ಕೆಲಸಗಳೆಲ್ಲ ನನ್ನ ಪಾಲಿಗೆ ಬರುತ್ತವೆ. ರಾಗಿ ಕೇರುವುದು, ಹೂ ಕಟ್ಟುವುದು, ನೆಂಟರು ಬಂದಾಗ ಅಡುಗೆಮನೆಯ ಬಾಗಿಲ ಮರೆಯಿಂದ ಕಾಫಿ ಲೋಟ ಚಾಚುವುದು. ನನಗೆ ಧ್ವನಿ ಇಲ್ಲವೆಂದಲ್ಲ. ಅದು ಹಲ್ಲಿನ ತನಕ ಬರುತ್ತದೆ. ಹೊರಗೆ ಜನ ಇದ್ದಾರೆಂದು ತಿಳಿದು ವಾಪಸು ಹೋಗುತ್ತದೆ. ಕಾಲೇಜಿನಲ್ಲಿ ಹಾಜರಿ ಕೂಗಿದಾಗ ನಾನು ದಿನವೂ ತಪ್ಪದೆ ‘ಎಸ್ ಸಾರ್’ ಅಂದಿದ್ದೇನೆ. ಸಾರ್‌ಗೆ ಒಂದು ದಿನವೂ ಕೇಳಿಸಲಿಲ್ಲ. ಮುಂದಿನ ಬೆಂಚಿನಲ್ಲೇ ಕೂತಿದ್ದವಳಿಗೆ ವರ್ಷದ ಕೊನೆಗೆ ಹಾಜರಿ ಸಾಲದೆಂದು ಪರೀಕ್ಷೆ ತಪ್ಪಿತು. ನಾನು ಪಿಯುಸಿ ಬಿಟ್ಟೆ. (ಬಿಟ್ಟೆನೆಂದು ಹೇಳಿದ್ದೂ ಯಾರಿಗೂ ಕೇಳಿಸದೆ, ಮನೆಯವರಿಗೆ ಗೊತ್ತಾಗಲು ಕೆಲವು ದಿನ ಹಿಡಿಯಿತು.)

ಅಂದಿನಿಂದ ಕಣಕಟ್ಟೆ ಹತ್ತಿರ ದೊಡ್ಡಪ್ಪನ ತೋಟದ ಮನೆಯಲ್ಲಿದ್ದೇನೆ. ದೊಡ್ಡಪ್ಪ ಜಯದೇವಪ್ಪನವರದು ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ. ಪ್ರತಿ ಮೇ ತಿಂಗಳು ನೆಂಟರಿಷ್ಟರ ಮಕ್ಕಳನ್ನೂ ಸುತ್ತಲಿನ ಮಕ್ಕಳನ್ನೂ ತೋಟದಲ್ಲಿ ಸೇರಿಸಿ ಬೇಸಿಗೆ ಶಿಬಿರ ಮಾಡುತ್ತಾರೆ. ವಚನ ಕಲಿಸುತ್ತಾರೆ, ಯೋಗ ಮಾಡಿಸುತ್ತಾರೆ, ತೊಟ್ಟಿಯಲ್ಲಿ ಈಜಿಸುತ್ತಾರೆ. ಕೊನೆಯ ಭಾನುವಾರ ಮಿನಿ ಬಸ್ಸಿನಲ್ಲಿ ಹಳೇಬೀಡು, ಬೇಲೂರು. ಹೋದ ವರ್ಷ ಮಾತ್ರ ಒಂದು ಮಗುವಿಗೆ ‘ಮದ್ರಾಸ್ ಐ’ ಬಂದದ್ದು ಎಲ್ಲರಿಗೂ ಹಬ್ಬಿ, ಬೆಳಿಗ್ಗೆ ಎದ್ದರೆ ಇಡೀ ಶಿಬಿರವೇ ರೆಪ್ಪೆ ಅಂಟಿಕೊಂಡು ಗೋಡೆ ತಡವರಿಸುವಂತಾಗಿತ್ತು. ಬಸ್ಸೂ ಇಲ್ಲ, ಬೇಲೂರೂ ಇಲ್ಲ.

“ಈ ಸಲ ಒಂದೇ ಒಂದು ಮಗೀಗೆ ಕಣ್ಣು ಬಂದ್ರೂ ಬಸ್ ಕ್ಯಾನ್ಸಲ್,” ಎಂದರು ದೊಡ್ಡಪ್ಪ. “ಮೇಘಾ, ಆರೋಗ್ಯ ಖಾತೆ ನಿಂದು.”

“ಅವಳು ಮಾತೇ ಆಡಲ್ವಲ್ರೀ,” ಅಂದರು ದೊಡ್ಡಮ್ಮ ಗುರುಸಿದ್ದಮ್ಮ.

“ರೋಗಾಣು ಹತ್ರ ಮಾತಾಡೋದೇನೈತೆ?”

ನಾನು ಒಪ್ಪಿಕೊಂಡದ್ದು ಹಳೇಬೀಡಿಗಾಗಿ. ಹೈಸ್ಕೂಲಿನಲ್ಲಿ ಪ್ರವಾಸ ಹೊರಟಾಗ ನಾನು ಬಸ್ಸಿನ ಹಿಂದೆ ನಿಂತು ಚಪ್ಪಲಿಯ ಬಾರು ಸರಿಮಾಡಿಕೊಳ್ಳುತ್ತಿದ್ದೆ. ಬಸ್ಸು ಹೊರಟಿತು. ‘ನಿಲ್ಸಿ’ ಅಂದೆ. ಎರಡು ಸಲ ಅಂದೆ. ಹಾಗಾಗಿ ಇಷ್ಟು ಹತ್ತಿರವಿದ್ದೂ ಹಳೇಬೀಡನ್ನು ನಾನು ನೋಡಿರುವುದು ಕ್ಯಾಲೆಂಡರಿನಲ್ಲಿ ಮಾತ್ರ.

ಅಧಿಕಾರ ಸ್ವೀಕರಿಸಿದ ಕ್ಷಣದಿಂದ ನಾನು ರೋಗದ ವಿರುದ್ಧ ಮೌನಯುದ್ಧ ಸಾರಿದೆ. ಮಗುವಿಗೊಂದು ಬಣ್ಣದ ದಾರ. ಅದೇ ಬಣ್ಣದ ದಾರ ಅದರ ಟವೆಲ್ಲಿಗೆ, ಲೋಟಕ್ಕೆ. ತಂತಿಯ ಮೇಲೆ ಟವೆಲ್ಲುಗಳು ಪರಸ್ಪರ ಮುಟ್ಟದಂತೆ ನಡುವೆ ಗೇಣು ಹಾಕಿ ನೋಡುತ್ತಿದ್ದೆ. ಕೈ ತೊಳೆಯುವ ಜಾಗದಲ್ಲಿ ಸೋಪು ಹಿಡಿದು ಶಿಲಾಬಾಲಿಕೆಯಂತೆ ನಿಂತುಬಿಡುತ್ತಿದ್ದೆ. ಗದರುವವರಿಗೆ ಹೆದರದ ಮಕ್ಕಳು ಈ ನಿಲುವಿಗೆ ಹೆದರಿ ಮೊಣಕೈವರೆಗೆ ತೊಳೆದುಕೊಳ್ಳುತ್ತಿದ್ದವು. ಸ್ನಾನವಾದ ಮೇಲೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹಣೆಗೆ ವಿಭೂತಿ ಹಚ್ಚುವುದೂ ನನ್ನದೇ ಕೆಲಸ. (ಅದಕ್ಕೂ ಮಾತು ಬೇಡ.)

ರೋಗಿಗಳಿಗೆಂದು ಕಾಯಿ ಅಟ್ಟವನ್ನು ಗುಡಿಸಿಟ್ಟಿದ್ದೆ. ಕೊಬ್ಬರಿಯಾಗಲೆಂದು ಕಾಯಿ ಪೇರಿಸಿಡುವ ಅಟ್ಟ ಅದು. ಮಾಲು ಮಂಡಿಗೆ ಹೋಗಿ ಅರ್ಧ ಖಾಲಿಯಾಗಿತ್ತು. ಒಳ್ಳೆಯ ಗಾಳಿ, ಅಂಗಳದ ಕಡೆಗೊಂದು ಕಿಟಕಿ. ಊಟ ಕೊಡುವವರು ರೋಗಿಯ ಹತ್ತಿರ ಹೋಗಬಾರದೆಂದು, ಕಾಯಿ ಕೀಳುವ ದೋಟಿಯ ತುದಿಗೆ ಬುಟ್ಟಿ ಸಿಕ್ಕಿಸಿ ಕಿಟಕಿಗೆ ಏರಿಸುವ ವ್ಯವಸ್ಥೆಯನ್ನು ನಾನೇ ಆವಿಷ್ಕರಿಸಿದೆ.

ಮೊದಲ ರೋಗಿ ಉದಯಕುಮಾರ. ದೊಡ್ಡಮ್ಮನ ತಂಗಿಯ ಮೊಮ್ಮಗ, ಐದನೇ ಕ್ಲಾಸು, ಶಿಬಿರದ ಅರ್ಧ ಗಲಾಟೆಗೆ ಒಬ್ಬನೇ ಜವಾಬ್ದಾರ. ಒಂದು ಮಧ್ಯಾಹ್ನ ಕಣ್ಣು ಕೆಂಪಗೆ ಮಾಡಿಕೊಂಡು ಬಂದ. ನಾನು ಬೆರಳಲ್ಲಿ ಅಟ್ಟ ತೋರಿಸಿದೆ.

“ತೊಟ್ಟೀಲಿ ಈಜಿದ್ದಕ್ಕೆ ಹಿಂಗಾಗೈತೆ ಅಕ್ಕಾ.”

ನಾನು ಬೆರಳು ಇಳಿಸಲಿಲ್ಲ.

ದೊಡ್ಡಮ್ಮನಿಗೆ ಕರುಳು ಚುರುಕ್ ಅಂದಿತು. ಬುಟ್ಟಿಯಲ್ಲಿ ಹೋಳಿಗೆ ಹೋಯಿತು, ಹಿಂದೆಯೇ ಮಾವಿನಹಣ್ಣು ಹೋಯಿತು, ಬೇಜಾರಾಗದಿರಲೆಂದು ದೊಡ್ಡಪ್ಪನ ಹಳೆಯ ಮೊಬೈಲೂ ಹೋಯಿತು. ಕೆಳಗೆ ಮಕ್ಕಳು ಬಿಸಿಲಲ್ಲಿ ಸೂರ್ಯನಮಸ್ಕಾರ ಮಾಡುತ್ತಿದ್ದರೆ, ಉದಯ ಕಿಟಕಿಯಲ್ಲಿ ಕೂತು ಬೆಲ್ಲ ನಂಚಿಕೊಂಡು ಕೊಬ್ಬರಿ ಕಡಿಯುತ್ತ, “ಮೊಣಕಾಲು ಬಗ್ಸಬೇಡ್ರೋ,” ಎಂದು ಉಸ್ತುವಾರಿ ಮಾಡುತ್ತಿದ್ದ.

ಮಾರನೆಯ ಬೆಳಿಗ್ಗೆ ಅವನ ಕಣ್ಣು ಬೆಳ್ಳಗಾಯಿತು. ಆದರೆ ಅಂಗಳದಲ್ಲಿ ಮಕ್ಕಳ ದಂಡೇ ಕೆಂಪು ಕಣ್ಣಿನಿಂದ ನೀರು ಸುರಿಸುತ್ತ, ಹಾಸಿಗೆ ಕಂಕುಳಲ್ಲಿಟ್ಟುಕೊಂಡು, ಅಟ್ಟದ ಏಣಿಯ ಮುಂದೆ ಸಾಲು ನಿಂತಿತ್ತು. ಎಲ್ಲರ ಮುಂದೆ ಎರಡನೇ ಕ್ಲಾಸಿನ ಸಿರಿ.

ಹಳೇಬೀಡು ಮತ್ತೆ ಕ್ಯಾಲೆಂಡರಿಗೆ ಹೋಗಿ ಅಂಟಿಕೊಂಡಂತಾಯಿತು. ಅಷ್ಟರಲ್ಲಿ ದೊಡ್ಡಮ್ಮ ಬಂದು ಸಿರಿಯ ಗಲ್ಲ ಹಿಡಿದೆತ್ತಿ ಮೂಸಿ ನೋಡಿದರು.

“ಇದು ಮದ್ರಾಸ್ ಐ ಅಲ್ಲ ಕಣೇ ಮೇಘಾ. ಸೋಪ್ ಐ. ಕಣ್ಣಿಗೆ ಸೋಪು ಉಜ್ಕೊಂಡವೆ ಕಳ್ ಮುಂಡೇವು.”

“ಉರಿ ತಡೆಯಕ್ಕಾಗ್ತಿಲ್ಲ ದೊಡ್ಡಜ್ಜಿ,” ಅಂದಳು ಸಿರಿ. “ಹೋಳಿಗೆ ಕೊಡ್ತೀರಾ?”

ಮಕ್ಕಳ ಮುಖಕ್ಕೆ ನೀರು ಎರಚಿದ್ದಾದ ಮೇಲೆ ದೊಡ್ಡಮ್ಮ ನನ್ನ ಕಡೆ ತಿರುಗಿದರು. “ಸೋಪು ಯಾವುದು, ಕಾಯಿಲೆ ಯಾವುದು ಗೊತ್ತಾಗದ ಮಂತ್ರಿ ನೀನು. ಪಕ್ಕದ ತೋಟದ ಲಲಿತಮ್ಮನ ಮೊಮ್ಮಗ ಮಂಜುನಾಥಂಗೆ ಬಂದೈತೆ ನೋಡು, ಅದು ಕಣ್ಣು.”

ಇನ್ನೊಬ್ಬರಾಗಿದ್ದರೆ ಅದನ್ನು ಗೇಲಿ ಎಂದುಕೊಳ್ಳುತ್ತಿದ್ದರು. ನಾನು ಸಲಹೆ ಎಂದುಕೊಂಡೆ. ಅಸಲಿಯನ್ನು ಒಮ್ಮೆ ಸರಿಯಾಗಿ ನೋಡಿಟ್ಟುಕೊಂಡರೆ ಮುಂದೆ ನಕಲಿಗೆ ಮೋಸ ಹೋಗುವಂತಿಲ್ಲವಲ್ಲ. ಅಂದು ಸಂಜೆಯೇ ಹೋದೆ. ನೋಡಿದರೆ ಅಂಟುವುದಿಲ್ಲ, ಕೈಯಿಂದ, ಬಟ್ಟೆಯಿಂದ ಅಂಟುತ್ತದೆಂದು ನನಗೆ ಗೊತ್ತಿತ್ತು. ಬೆರಳ ತುದಿಯಿಂದ ಮಂಜುನಾಥನ ರೆಪ್ಪೆ ಕೆಳಗೆಳೆದು ಶಾಸ್ತ್ರೋಕ್ತವಾಗಿ ಅಧ್ಯಯನ ಮಾಡಿದೆ. ದಾಳಿಂಬೆ ಕಾಳಿನ ಕೆಂಪು, ಮೂಲೆಯಲ್ಲಿ ಹಳದಿ ಪಿಸುರು. ಮುಗಿದ ಮೇಲೆ ಹಿತ್ತಲಿಗೆ ಹೋಗಿ ನನ್ನದೇ ಸೋಪಿನಲ್ಲಿ (ಸೆರಗಿನಲ್ಲಿ ಕಟ್ಟಿಕೊಂಡು ಹೋಗಿದ್ದೆ) ಚರ್ಮ ಸುಲಿಯುವಂತೆ ಕೈ ತೊಳೆದೆ.

ಆಗ ಲಲಿತಮ್ಮ ಟವೆಲ್ ತಂದುಕೊಟ್ಟರು. “ಒರೆಸ್ಕೊ ತಾಯಿ. ಮಂಜ ಈಗ ತಾನೆ ಮಕ ಒರೆಸ್ಕೊಂಡ, ಒಸಿ ಒದ್ದೆ ಐತೆ.”

ಬೇಡ ಎನ್ನಬೇಕಿತ್ತು. ‘ಬೇಡ’ ಎಂಬುದು ಎರಡೇ ಅಕ್ಷರ. ಅದು ಹಲ್ಲಿನ ತನಕ ಬಂತು. ಲಲಿತಮ್ಮ ಅಷ್ಟು ಪ್ರೀತಿಯಿಂದ ನೋಡುತ್ತಿದ್ದರು. ಕೈ ಒರೆಸಿಕೊಂಡೆ.

“ಬೆವರಿದ್ದೀಯ, ಮಕಾನೂ ಒರೆಸ್ಕೊ.”

ಮುಖವನ್ನೂ ಒರೆಸಿಕೊಂಡೆ.

ಭಾನುವಾರ ಬೆಳಿಗ್ಗೆ ಎದ್ದಾಗ ಎಡಗಣ್ಣು ತೆರೆಯಲು ಸ್ವಲ್ಪ ಹಟ ಮಾಡಿತು. ಕಸ ಗುಡಿಸುವಾಗ ದೂಳು ಬಿದ್ದಿರಬೇಕೆಂದು ಉಜ್ಜಿಕೊಂಡೆ. ಅಂಗಳದಲ್ಲಿ ಮಿನಿ ಬಸ್ಸು ನಿಂತಿತ್ತು. ಬುತ್ತಿ ಹತ್ತಿತ್ತು, ದೊಡ್ಡಪ್ಪ ಹತ್ತಿ ಕೂತಿದ್ದರು. ಮಕ್ಕಳು ಬಸ್ಸಿನ ಪಕ್ಕ ವಿಭೂತಿಗೆ ಸಾಲು ನಿಂತರು. ನಾನು ಎಂದಿನಂತೆ ಮೂರು ಬೆರಳನ್ನು ವಿಭೂತಿ ಬಟ್ಟಲಿಗೆ ಅದ್ದಿ ತಲೆ ಎತ್ತಿದೆ. ಎದುರಿಗೆ ಬಸ್ಸಿನ ಕನ್ನಡಿ. ಕನ್ನಡಿಯಲ್ಲಿ ದಾಳಿಂಬೆ ಕಾಳು, ಮೂಲೆಯಲ್ಲಿ ಹಳದಿ.

ಅಸಲಿ. ಇಡೀ ಹೋಬಳಿಯಲ್ಲಿ ಅದನ್ನು ನನ್ನಷ್ಟು ಚೆನ್ನಾಗಿ ಗುರುತಿಸಬಲ್ಲವರು ಇರಲಿಲ್ಲ.

ಕೈ ಅಲ್ಲೇ ನಿಂತಿತು. ಟವೆಲ್ಲಿನ ನಡುವೆ ಗೇಣು ಹಾಕಿದವಳು ನಾನು, ಲೋಟಕ್ಕೆ ದಾರ ಕಟ್ಟಿದವಳು ನಾನು. ಪ್ರತಿ ಬೆಳಿಗ್ಗೆ ಒಂದೇ ಬಟ್ಟಲು ಹಿಡಿದು, ಒಂದೇ ಕೈಯಲ್ಲಿ ಹಚ್ಚುತ್ತ ಹಣೆಯಿಂದ ಹಣೆಗೆ ಹೋಗುತ್ತಿದ್ದವಳೂ ನಾನೇ. ವಿಭೂತಿಗೂ ಅಂಟುರೋಗಕ್ಕೂ ಸಂಬಂಧ ಇರಬಹುದೆಂದು ಮನೆಯಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಎಲ್ಲರ ಟವೆಲ್ಲು ಬೇರೆ ಮಾಡಿ, ಕೊನೆಗೆ ನಾನೇ ಶಿಬಿರದ ಸಾರ್ವಜನಿಕ ಟವೆಲ್ಲಾಗಿದ್ದೆ.

ಮೆಲ್ಲಗೆ ಕೈ ತೊಳೆದು, ಸೆರಗು ಮುಂದೆಳೆದುಕೊಂಡು ಹಿಂದಿನ ಸೀಟಿನಲ್ಲಿ ಕೂತರೆ ಯಾರಿಗೂ ತಿಳಿಯದು. ಸುಮ್ಮನಿರುವುದೊಂದೇ ನನಗೆ ಬಂದ ವಿದ್ಯೆ. ಹಳೇಬೀಡು ಇನ್ನು ಒಂದು ಬಸ್ಸಿನಷ್ಟೇ ದೂರ.

“ಬೇಗ ಹಚ್ಚಕ್ಕಾ, ಕಿಟಕಿ ಸೀಟು ಹೋಗ್ತೈತೆ,” ಎಂದು ಸಿರಿ ಹಣೆ ಮುಂದೊತ್ತಿ, ನನ್ನ ಕೈಗೇ ಕೈ ಹಾಕಿದಳು.

“ಮುಟ್ಟಬೇಡ್ರೋ! ನಂಗೆ ಕಣ್ಣು ಬಂದೈತೆ!”

ತೆಂಗಿನ ಮರದ ಕಾಗೆಗಳು ಎದ್ದವು. ಡ್ರೈವರ್ ಕೈಯಿಂದ ಟೀ ಲೋಟ ಬಿತ್ತು. ಆಚೆ ತೋಟದಿಂದ ಲಲಿತಮ್ಮ, “ಏನಾಯ್ತ್ರೀ ಗುರುಸಿದ್ದಮ್ಮಾ?” ಎಂದು ಕೂಗಿದರು. ಯಾರು ಕಿರುಚಿದ್ದೆಂದು ನಾನೂ ಸುತ್ತ ನೋಡಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

“ಒಂದು ಮಗೀಗೆ ಬಂದ್ರೂ ಕ್ಯಾನ್ಸಲ್ ಅಂದಿದ್ರಿ,” ಎಂದರು ದೊಡ್ಡಮ್ಮ.

“ಅಕ್ಕ ಮಗು ಅಲ್ಲ, ಮಂತ್ರಿ,” ಎಂದು ಉದಯ ಅಡ್ಡ ಬಂದ. “ಮಂತ್ರಿಗೆ ಅಟ್ಟ.” ಬೆರಳಲ್ಲಿ ಅಟ್ಟ ತೋರಿಸಿದ. ಬೆರಳು ಇಳಿಸಲಿಲ್ಲ.

ನಾನು ಕಿಟಕಿಯಲ್ಲಿ ಪ್ರತ್ಯಕ್ಷವಾಗುವ ಹೊತ್ತಿಗೆ ದೋಟಿಯ ಬುಟ್ಟಿಯಲ್ಲಿ ನನ್ನ ಲೋಟ, ನನ್ನ ಟವೆಲ್ಲು, ಒಂದು ಸೋಪು ಮೇಲೆ ಬಂದವು. ಹೋಳಿಗೆ ಬರಲಿಲ್ಲ, ಬುತ್ತಿಯ ಜೊತೆ ಅದೂ ಹಳೇಬೀಡಿಗೆ ಹೊರಟಿತ್ತು. ಬಸ್ಸು ಚಾಲೂ ಆಯಿತು. ದೊಡ್ಡಪ್ಪ ಕಿಟಕಿಯಿಂದ ತಲೆ ಹಾಕಿದರು.

“ಇಂಥ ಗಂಟಲು ಇಟ್ಕೊಂಡು ಹಾಜರಿ ಸಾಲ್ಲಿಲ್ಲ ಅಂತ ಮನೇಲಿ ಕೂತಿದ್ದೀಯ? ಜೂನ್ ತಿಂಗಳು ಕಾಲೇಜಿಗೆ ಹೆಸರು ಹಚ್ಚಿಸ್ತೀನಿ. ಏನಮ್ಮಾ?”

“ಬೇಡ ದೊಡ್ಡಪ್ಪ, ನಾನು ಹೋಗಲ್ಲ,” ಅಂದೆ. ನನ್ನ ಹಳೆಯ ಧ್ವನಿ ಅಷ್ಟರಲ್ಲಿ ವಾಪಸು ಬಂದಿತ್ತು.

“ಏನಂದ್ಲೋ?”

ಬಾಗಿಲಲ್ಲಿ ನೇತಾಡುತ್ತಿದ್ದ ಉದಯನಿಗೆ ಚೆನ್ನಾಗಿಯೇ ಕೇಳಿಸಿತ್ತು. ನನ್ನ ಕಡೆ ನೋಡಿ ತನ್ನ ಆರೋಗ್ಯವಂತ ಕಣ್ಣೊಂದನ್ನು ಮಿಟುಕಿಸಿದ.

“ಹೂಂ ಅಂದ್ಲು ದೊಡ್ಡಜ್ಜ,” ಎಂದ. ಬಸ್ಸು ಹೊರಟಿತು.

‘ನಿಲ್ಸಿ’ ಅಂದೆ. ಎರಡು ಸಲ ಅಂದೆ.