ಮಿಷನ್ ತಾಳಕ್ಕೆ ಸರಿಗಮ

ಸಂಗೀತ ಕಲಿಯೋರು ಇರೋ ಮನೇಲಿ ಇಂಥವು ಆಗ್ತಾನೇ ಇರ್ತವೆ. ಕಲಿಯೋರಿಗೆ ನಗು ಬರಲ್ಲ, ಕೇಳೋರಿಗೆ ಬರ್ತದೆ. ನನ್ನ ಹೆಂಡತಿ ಹೋದ ಮೇಲೆ ಒಂದೊಂದೇ ನೆನಪಾಗ್ತಾವೆ.

೧. ಗಿರಾಕಿ

ಸಾವಿರದ ಒಂಬೈನೂರ ಅರವತ್ತರ ಆಚೀಚೆ. ಹೊಳೆನರಸೀಪುರದಲ್ಲಿ ನಂದು ದರ್ಜಿ ಅಂಗಡಿ. ಮುಂದೆ ಮಿಷನ್, ಹಿಂದೆ ಮನೆ. ಸಂಗೀತ ಕಲೀತೀನಿ ಅಂದಳು. ಹೂಂ ಅಂದೆ. ರುದ್ರಪಟ್ಟಣದ ಕಡೆಯ ಮೇಷ್ಟ್ರೊಬ್ಬರು ಬಂದು ಪಾಠ ಹೇಳೋರು. ಸರಿಗಮ ಮೂರು ಕಾಲದಲ್ಲೂ, ಅಂದರೆ ಮೂರು ವೇಗದಲ್ಲೂ, ಬಂದ ಮೇಲೇ ಗೀತೆ, ಅಲ್ಲೀವರೆಗೆ ಕೇಳಬೇಡಿ ಅಂದರು. ಅವಳಿಗೆ ಗೀತೆ ಮೇಲೇ ಆಸೆ.

ತಿಂಗಳುಗಟ್ಟಲೆ ಅದೇ ಸರಿಗಮ. ನಿಮ್ಮ ಮನೆಯವರಿಗೆ ಇಷ್ಟೇನಾ ಬರೋದು ಅಂತ ಗಿರಾಕಿಯೊಬ್ಬರು ಕೇಳಿದರು. ಅವರ ಅಂಗಿ ಆ ವಾರ ಆಗಲಿಲ್ಲ. ಮುಂದಿನ ವಾರಾನೂ ಆಗಲಿಲ್ಲ.

೨. ಎರಡನೇ ಕಾಲ

ಕೈಯಲ್ಲಿ ತಾಳ ನಿಲ್ತಿರಲಿಲ್ಲ. ನನ್ನ ಮಿಷನ್ ಸದ್ದಿಗೆ ಹೊಂದಿಸಿ ಹಾಡೋಳು. ಒಂದನೇ ಕಾಲ ಕೂತಿತು. ಎರಡನೇದಕ್ಕೆ, "ರೀ, ಸ್ವಲ್ಪ ಜೋರಾಗಿ ತುಳೀರಿ" ಅಂದಳು. ತುಳಿದೆ.

ಮೇಷ್ಟ್ರು ಅದನ್ನ ಕೇಳಿ ಅಂದರು, "ತಾಳ ಅಷ್ಟೇ ಇರಬೇಕು ಕಣಮ್ಮ, ಸ್ವರ ಎರಡರಷ್ಟಾಗಬೇಕು. ನೀನು ಒಂದನೇ ಕಾಲಾನೇ ಓಡಿಸ್ತಾ ಇದ್ದೀಯ."

ಓಡಿಸಿದ್ದು ನಾನು. ಆವತ್ತು ಒಂದು ಅಂಗಿಯ ತೋಳಿನ ಬಾಯೇ ಹೊಲಿದುಬಿಟ್ಟಿದ್ದೆ.

೩. ಅರಕಲಗೂಡು

ಅಲ್ಲಿ ಅವಳ ಅಣ್ಣನ ಮನೆ. ಎಲ್ಲರೂ ಹಾಡು ಅಂದರು. ಸುಮ್ಮನೆ ಕೂತಳು. ನಾಚಿಕೆಯಾ ಅಂತ ಅತ್ತಿಗೆ ಕೇಳಿದರು.

"ನಿಮ್ಮಲ್ಲಿ ಮಿಷನ್ ಇಲ್ವಲ್ಲ ಅತ್ತಿಗೆ" ಅಂದಳು.

ಅವರೆಲ್ಲ ನಕ್ಕರು. ಇವಳು ನಗಲಿಲ್ಲ. ವಾಪಸ್ ಬರೋವಾಗ ಬಸ್ಸಲ್ಲಿ, ನನಗೆ ಗೀತೆ ಬರಲ್ಲ, ಮೇಷ್ಟ್ರಿಗೆ ಸಾಕು ಅಂದುಬಿಡಿ ಅಂದಳು.  

೪. ದಾರ

ಮೇಷ್ಟ್ರಿಗೆ ಸಾಕು ಅಂತ ನಾನು ಹೇಳಲಿಲ್ಲ. ದಿನಾ ಒಂದೇ ಸಮ ನಿಧಾನಕ್ಕೆ ತುಳಿದೆ. ಒಳಗೆ ಅಕ್ಕಿ ಆರಿಸ್ತಾ ಅವಳು ಹಾಡೋಳು. ಒಂದಿನ ಸಂಜೆ, ಮಾರನೇ ದಿನದ ಮದುವೆಗೆ ಬಟ್ಟೆ ಹೊಲೀತಿದ್ದಾಗ, ದಾರ ತುಂಡಾಯ್ತು. ಮಿಷನ್ ನಿಂತಿತು. ಹಾಡು ನಿಲ್ಲಲಿಲ್ಲ. ಬಗ್ಗಿ ನೋಡಿದೆ. ಅವಳ ಕೈ ಮೊರದ ಅಂಚಿನ ಮೇಲೆ ತಾಳ ಹಾಕ್ತಿತ್ತು. ಎರಡನೇ ಕಾಲ ಮುಗಿಸಿ ಮೂರನೇದಕ್ಕೆ ಹೋದಳು. ದಾರ ಪೋಣಿಸೋಕೆ ನನಗೆ ಧೈರ್ಯ ಬರಲಿಲ್ಲ.

ಅಷ್ಟರಲ್ಲಿ ಮೇಷ್ಟ್ರು ಬಂದರು. ಬಾಯಿ ಮೇಲೆ ಬೆರಳಿಟ್ಟು ತೋರಿಸಿದೆ. ಬಾಗಿಲಲ್ಲೇ ನಿಂತು ಪೂರ್ತಿ ಕೇಳಿದರು.

"ನಾಳೆಯಿಂದ ಗೀತೆ, ತಾಯಿ" ಅಂದರು.

ಅವಳು ಎದ್ದು ಈಚೆ ಬಂದಳು. ಮೇಷ್ಟ್ರನ್ನ ನೋಡಿದಳು. ನಿಂತಿದ್ದ ಮಿಷನ್ ನೋಡಿದಳು. ಕಣ್ಣು ತುಂಬಿತು. ಸೆರಗಲ್ಲಿ ಒರೆಸಿಕೊಂಡು ನನ್ನ ಕಡೆ ತಿರುಗಿದಳು.

"ಯಾವಾಗ್ಲಿಂದ ಹಿಂಗೆ ಸುಮ್ನೆ ಕೂತಿದ್ದೀರಿ? ನಾಳೆ ಮದುವೆ ಮನೆಯವರು ಬರಿಮೈಯಲ್ಲಿ ಹೋಗ್ಬೇಕಾ?"