ಜೇಕಿನ ಎಳೆ ಎಣಿಸಲು ಬಂದವನು

ಪ್ರಭುಲಿಂಗಪ್ಪನಿಗೆ ಗ್ರಹಚಾರ ವಕ್ಕರಿಸಿದ್ದು ಬಾಟಲಿಯ ಬಿರಡೆ ಬಿಚ್ಚಿದ್ದರಿಂದ. ಗಜೇಂದ್ರಗಡ ಇನ್ನೂ ಮುಂಬಯಿ ರಾಜ್ಯದಲ್ಲಿದ್ದು, ದಾರೂಬಂದಿ ಜೋರಾಗಿದ್ದ ಕಾಲ ಅದು. ಧಾರವಾಡದ ಕಾಲೇಜಿನಿಂದ ಬಂದ ಅವನು ನೇಕಾರರ ಚೌಡವ್ವನ ಪಡಸಾಲೆಯಲ್ಲಿ ಇಳಿದಿದ್ದ. ಗುಡ್ಡದ ಮೇಲಿನ ಹೊಂಡದ ದಂಡೆಯಲ್ಲಿ ಬೆಳೆಯುವ ಒಂದು ಜಾತಿಯ ಜೇಕಿನ ಹುಲ್ಲು ಜಗತ್ತಿನಲ್ಲಿ ಬೇರೆಲ್ಲೂ ಇರಲಿಲ್ಲ. ಅದರ ಬೇರಿನ ತುದಿಯನ್ನು ಕಿತ್ತ ಕೂಡಲೇ ಸ್ಪಿರಿಟ್ಟಿನಲ್ಲಿ ಅದ್ದಿ ಒಯ್ದು, ಸೂಕ್ಷ್ಮದರ್ಶಕದಡಿ ವರ್ಣತಂತುಗಳನ್ನು ಎಣಿಸಿದರೆ ಅವನಿಗೆ ಡಾಕ್ಟರೇಟು. ಇಲ್ಲದಿದ್ದರೆ, "ನಮ್ಮ ಅಳಿಯ ಹುಲ್ಲ ಕೊಯ್ಯಾಕ ಹೋಗ್ಯಾನ" ಎನ್ನುವ ಮಾವನ ಮಾತೇ ಕಾಯಂ.

ಬಿರಡೆ ಬಿಚ್ಚಿದ್ದೇ ತಡ, ಸ್ಪಿರಿಟ್ಟಿನ ವಾಸನೆ ಮಗ್ಗದವರೆಗೂ ಹರಿಯಿತು.

"ಅಯ್ಯ ಶಿವನ! ಮುಂಜಾನೆದ್ದು ದಾರೂ!" ಚೌಡವ್ವ ಕೂಗಿದಳು.

ಬೆಲ್ಲಕ್ಕೆ ಇರುವೆ ಮುತ್ತಿದಂತೆ ಓಣಿಗೆ ಓಣಿಯೇ ನೆರೆಯಿತು. ಪೊಲೀಸ್ ಪಾಟೀಲ ಅಂದಾನಪ್ಪ ಬಂದು ಬಾಟಲಿ ಮೂಸಿದ, ಕಣ್ಣು ಮುಚ್ಚಿದ, ಖಾತ್ರಿಗೆಂದು ಮತ್ತೊಮ್ಮೆ ಮೂಸಿದ.

"ನಡೀರಿ ಚಾವಡಿಗೆ."

"ಕುಡಿಯಾಕಲ್ರೀ ಗೌಡ್ರ, ಜೇಕಿಗೆ!"

"ಜೇಕಿಗೆ ಕುಡಸ್ತೀರೇನು?"

ನೆರೆದವರು ಹೊಟ್ಟೆ ಹಿಡಿದು ನಕ್ಕರು. ಬೇರಿನ ತುದಿ, ಜೀವಕೋಶ ಎಂದರೆ ಇವರಿಗೆ ತಿಳಿಯಲಿಕ್ಕಿಲ್ಲವೆಂದು ಪ್ರಭುಲಿಂಗಪ್ಪ ಮಾತನ್ನು ಸುಲಭ ಮಾಡಿದ. "ಜೇಕಿನ್ಯಾಗ ಸಣ್ಣ ಸಣ್ಣ ಎಳಿ ಇರ್ತಾವ್ರಿ. ಅವನ್ನ ಎಣಸಬೇಕು."

ಎಳೆ ಎಂದದ್ದೇ ನೇಕಾರರ ಓಣಿ ಮೆತ್ತಗಾಯಿತು.

"ಎಳಿ ಎಣಸೂ ಮನಶ್ಯಾ ಕುಡಿಯಾಂವ ಹ್ಯಾಂಗ ಆದಾನು? ಕುಡದವಗ ಒಂದ ಎಳಿ ಎರಡಾಗಿ ಕಾಣತೈತಿ!" ಚೌಡವ್ವನೇ ವಕಾಲತ್ತು ವಹಿಸಿದಳು.

ಅಂದಾನಪ್ಪ ಒಪ್ಪಿದ. ಬಾಟಲಿ ಮರಳಿ ಬಂತು.

"ಪಾಪ, ಮಾಸ್ತರಿಗೆ ಸುಮ್ಮನ ತ್ರಾಸ ಕೊಟ್ಟಿವಿ. ನೀವು ಚಹಾ ಕುಡೀರಿ, ನಿಮ್ಮ ಜೇಕು ನಾವ ತರ್ತೀವಿ," ಎಂದಳು ಚೌಡವ್ವ.

ಅವನು ಬೇಡವೆನ್ನುವಷ್ಟರಲ್ಲಿ ಓಣಿ ಗುಡ್ಡ ಹತ್ತಿತ್ತು. ಹಿಂದೆ ಓಡಹೋದವನನ್ನು ಅಂದಾನಪ್ಪ ಭುಜ ಹಿಡಿದು ಕೂರಿಸಿದ. "ಕುಂದರ್ರಿ ಸಾಹೇಬ್ರ, ಇನ್ನೊಂದ ಬಶಿ ಚಹಾ ಆಗಲಿ."

ಬಿಸಿಲೇರುವ ಮುಂಚೆ ಹೊರೆಹೊರೆ ಜೇಕು ಬಂದಿಳಿಯಿತು. ತೊಳೆದು, ಬುಡ ಸಮನಾಗಿ ಕೊಯ್ದು, ಹೊಸ ಸೀರೆಯಂತೆ ಮಡಿಸಿ ಕಟ್ಟಿದ್ದರು.

"ಬೇರು?" ಪ್ರಭುಲಿಂಗಪ್ಪ ಹೊರೆಯೊಂದನ್ನು ತಿರುಗಿಸಿ ನೋಡಿದ.

"ಕಿತ್ತಾಗ ಬೇರಿಗೆ ಕೆಸರು ಮೆತ್ತಿತ್ರಿ. ದೊಡ್ಡವರಿಗೆ ಹಂಗ ಕೊಡಾಕಾದೀತೇನು? ಕೊಯ್ದು ಒಗದ್ವಿ, ಹಂದಿ ತಿಂದ್ವು," ಎಂದಳು ಚೌಡವ್ವ.

"ದಂಡ್ಯಾಗ ಒಂದಾದ್ರೂ ಬುಡ ಉಳದೈತೇನವ್ವಾ?"

ಚೌಡವ್ವನಿಗೆ ಸಿಟ್ಟೇ ಬಂತು. "ಏನ ಮಾತ್ರೀ ಇದು? ನಿಮಗಂತ ಹೋಗಿ ಅರ್ಧಾ ಬಿಟ್ಟು ಬರೂ ಮಂದಿ ಅಲ್ಲ ನಾವು. ಒಂದ ಕಡ್ಡಿ ಉಳಿಸಿಲ್ಲ!"